ನೆಲ ಡೊಂಕೋ, ಕಾಲು ಡೊಂಕೋ?

ಇಂಗ್ಲೆಂಡಿನ ಒಂದು ಊರು. ರಾತ್ರಿ ಎಂಟು ಗಂಟೆಯ ಸಮಯ. ಮಹಡಿಯ ಮೇಲಿನ ಚಿಕ್ಕ ಕೋಣೆಯಲ್ಲಿ ತರುಣನೊಬ್ಬ ಮೇಜಿಗೆ ಬಿಗಿದ ಸ್ಟಿಯರಿಂಗ್ ಚಕ್ರವನ್ನು ಎರಡು ಕೈಗಳಿಂದಲೂ ಹಿಡಿದು ಕುಳಿತಿದ್ದಾನೆ. ಕಾಲ ಬಳಿ ಬ್ರೇಕು, ಆಕ್ಸಿಲರೇಟರುಗಳ ಪೆಡಲುಗಳಿವೆ. ಕಣ್ಣೆದುರಿನ ಪರದೆಯಲ್ಲಿ ಬೆಲ್ಜಿಯಂ ದೇಶದ ಸ್ಪಾ-ಫ್ರಾಂಕೋಶಾಂ ಪಂದ್ಯಪಥ ಚಾಚಿಕೊಂಡಿದೆ. ಅವನ ಹಿಂದೆ ಮುಂದೆ ಇಪ್ಪತ್ತು ಕಾರುಗಳು. ಅವುಗಳನ್ನು ನಡೆಸುವವರೂ ಅವನಂತೆಯೇ ತಮ್ಮ ತಮ್ಮ ಊರುಗಳಲ್ಲಿ, ತಮ್ಮ ತಮ್ಮ ಮನೆಗಳಲ್ಲಿ ಕುಳಿತವರು. ಪಂದ್ಯ ಮೊದಲಾಯಿತು. ಮೂರನೆಯ ಸುತ್ತಿನಲ್ಲಿ, ಪೂಓನ್ ಎಂಬ ಇಳಿಜಾರಿನ ತಿರುವಿನಲ್ಲಿ, ತರುಣನ ಕಾರಿನ ಹಿಂಭಾಗ ಜಾರಿತು. ಬುಗುರಿಯಂತೆ ತಿರುಗಿದ ಆ ಕಾರು ಹಿಂದೆ ಬರುತ್ತಿದ್ದ ಇಬ್ಬರನ್ನೂ ತನ್ನೊಡನೆ ಪಥದ ಹೊರಕ್ಕೆ ಎಳೆದೊಯ್ದಿತು.

ಯಾರಿಗೂ ಗಾಯವಾಗಲಿಲ್ಲ, ಒಂದು ಗಾಜೂ ಒಡೆಯಲಿಲ್ಲ. ಆದರೆ ವಾರವೆಲ್ಲ ಅಭ್ಯಾಸ ಮಾಡಿ ಕಾದಿದ್ದ ಇಬ್ಬರ ಸಂಜೆ ಮಣ್ಣುಪಾಲಾಯಿತು. “ಕಾರಿನ ಸೆಟಪ್ಪೇ ಸರಿಯಿಲ್ಲ” ಎಂದು ತರುಣ ಗೊಣಗಿದ.

ಇವನ ಹೆಸರು ಬೇಡ. ಅಂತರ್ಜಾಲದ ಮೋಟಾರು ಪಂದ್ಯಗಳ ಕ್ಲಬ್ಬು ಎಲ್ಲಿದ್ದರೂ ಅಲ್ಲಿ ಇಂಥ ತರುಣನೊಬ್ಬ ಇದ್ದೇ ಇರುತ್ತಾನೆ. ಅವನ ಗೊಣಗಾಟವನ್ನು ಕೇಳಿದ ಯಾವ ಕನ್ನಡಿಗನಿಗಾದರೂ ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನೆನಪಾಗದೆ ಇರದು. ಆದರೆ ಈ ಕ್ರೀಡೆಯಲ್ಲಿ ಒಂದು ವಿಶೇಷವುಂಟು. ಇಲ್ಲಿ ಕೆಲವು ವೇಳೆ ನೆಲವೂ ನಿಜವಾಗಿಯೇ ಡೊಂಕಾಗಿರುತ್ತದೆ! ಡೊಂಕು ನೆಲದಲ್ಲಿದೆಯೋ ಕಾಲಿನಲ್ಲಿದೆಯೋ ಎಂಬುದನ್ನು ನಿಷ್ಪಕ್ಷಪಾತವಾಗಿ ತಿಳಿದುಕೊಳ್ಳುವುದೇ ಕಾರಿನ ಸೆಟಪ್ ಕಲಿಯುವವನ ಮೊದಲ ಪಾಠ. ಕಡೆಯ ಪಾಠವೂ ಅದೇ.

ಆಟವೆಂದು ತೊಡಗಿದ್ದು ಶಾಸ್ತ್ರವಾಯಿತು

ಕಂಪ್ಯೂಟರಿನಲ್ಲಿ ಕಾರು ಓಡಿಸುವುದೆಂದರೆ ಮಕ್ಕಳಾಟವೆಂದು ಬಗೆಯುವವರೇ ಹೆಚ್ಚು. ಅಮೆರಿಕದ ಪ್ಯಾಪಿರಸ್ ಸಂಸ್ಥೆ 1989ರಲ್ಲಿ ಇಂಡಿಯಾನಾಪೊಲಿಸ್ ಪಂದ್ಯವನ್ನು ಕಂಪ್ಯೂಟರಿಗೆ ತಂದಾಗಲೇ ಈ ಮಾತು ಸುಳ್ಳಾಗತೊಡಗಿತ್ತು. ಕಾರಿನ ರೆಕ್ಕೆ, ಟೈರು ಮುಂತಾದುವನ್ನು ಹೊಂದಿಸಿಕೊಳ್ಳುವ ಅವಕಾಶ ಅದರಲ್ಲೇ ಇತ್ತು. ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡೇವ್ ಕೇಮರ್ ಮುಂದೆ 2004ರಲ್ಲಿ ಜಾನ್ ಹೆನ್ರಿಯವರೊಡನೆ ಸೇರಿ ಐರೇಸಿಂಗ್ ಸಂಸ್ಥೆಯನ್ನು ಕಟ್ಟಿದರು. 2008ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ನಿಜವಾದ ಪಂದ್ಯಪಥಗಳನ್ನು ಲೇಸರ್ ಕಿರಣಗಳಿಂದ ಅಳೆದು, ಅವುಗಳ ಉಬ್ಬು ತಗ್ಗುಗಳನ್ನೆಲ್ಲ ಪರದೆಗೆ ಇಳಿಸುವ ಕ್ರಮ ಬಳಕೆಗೆ ಬಂತು.

ಇಟಲಿಯ ಕೂನೋಸ್ ಸಂಸ್ಥೆ 2014ರಲ್ಲಿ ಹೊರತಂದ ಆಟದ ಹೆಸರು ‘ಅಸೆಟ್ಟೊ ಕೊರ್ಸಾ’. ಇಟಾಲಿಯನ್ ಭಾಷೆಯಲ್ಲಿ ಅದರ ಅರ್ಥ ‘ಪಂದ್ಯದ ಸೆಟಪ್’ ಎಂದೇ! ಆಟದ ಹೆಸರಿನಲ್ಲಿಯೇ ಅದರ ಮರ್ಮವೂ ಅಡಗಿದೆ. ನಮ್ಮ ತರುಣನ ಕ್ಲಬ್ಬು ಆಡುವುದು ಅದೇ ಸಂಸ್ಥೆ 2019ರಲ್ಲಿ ತಂದ ‘ಅಸೆಟ್ಟೊ ಕೊರ್ಸಾ ಕೊಂಪೆಟಿತ್ಸಿಯೋನೆ’ಯನ್ನು. ಅದರ ಮುಖ್ಯ ವಾಹನ ಜಿಟಿ3 ಜಾತಿಯ ಕಾರು. ತೂಕ ಸುಮಾರು 1300 ಕಿಲೋಗ್ರಾಂ, ಶಕ್ತಿ 500 ಅಶ್ವಬಲಕ್ಕೂ ಮೇಲು.

ಕ್ಲಬ್ಬುಗಳಲ್ಲಿ ಎರಡು ಪಂಥಗಳಿವೆ. ಎಲ್ಲರಿಗೂ ಒಂದೇ ಸೆಟಪ್ ಕೊಟ್ಟು ಪಂದ್ಯ ನಡೆಸುವುದು ಒಂದು ಬಗೆ. ಅವರವರ ಕಾರನ್ನು ಅವರವರೇ ಹೊಂದಿಸಿಕೊಳ್ಳಲಿ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಕೈಚಳಕ ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ, ಎರಡನೆಯದರಲ್ಲಿ ತಿಳಿವಳಿಕೆಯೂ. ಹೊಸಬನ ತೊಡಕು ಶುರುವಾಗುವುದು ಈ ಎರಡನೆಯ ಬಗೆಯಲ್ಲಿ.

ಎರವಲು ಅಂಗಿ

ಸೆಟಪ್ಪಿನ ಪುಟವನ್ನು ತೆರೆದರೆ ಕಣ್ಣು ಕತ್ತಲೆಗೂಡುತ್ತದೆ. ಟೈರಿನ ಗಾಳಿಯೊತ್ತಡ, ಚಕ್ರಗಳ ಓರೆ, ಸ್ಪ್ರಿಂಗುಗಳ ಬಿಗುಪು, ಡ್ಯಾಂಪರು, ಆಂಟಿ-ರೋಲ್ ಬಾರು, ಬ್ರೇಕಿನ ಹಂಚಿಕೆ, ಹಿಂಬದಿಯ ರೆಕ್ಕೆ, ನೆಲದಿಂದ ಕಾರಿನ ಎತ್ತರ—ಹೀಗೆ ಹತ್ತಾರು ಅಂಶಗಳು. ಇವೆಲ್ಲವನ್ನೂ ಕಲಿಯುವಷ್ಟು ತಾಳ್ಮೆ ಯಾರಿಗಿದೆ? ಅತಿ ವೇಗವಾಗಿ ಓಡಿಸುವವನ ಸೆಟಪ್ಪನ್ನೇ ತಂದು ಹಾಕಿಕೊಂಡರಾಯಿತು ಎನಿಸುತ್ತದೆ. ಪರಸ್ಪರ ಹಂಚಿಕೊಳ್ಳುವವರಿದ್ದಾರೆ; ಹಣಕ್ಕೆ ಮಾರುವವರೂ ಇದ್ದಾರೆ.

ತರುಣ ಮಾಡಿದ್ದೂ ಇದನ್ನೇ. ಆದರೆ ಎರವಲು ಅಂಗಿ ಎಲ್ಲರ ಮೈಗೂ ಒಪ್ಪುವುದಿಲ್ಲ. ನುರಿತವನು ಕಾರನ್ನು ಜಾರುವ ಅಂಚಿನವರೆಗೂ ಒಯ್ದು ಅಲ್ಲಿಯೇ ಹಿಡಿದು ನಿಲ್ಲಿಸಬಲ್ಲ. ಆದುದರಿಂದಲೇ ಅವನು ಚುರುಕಾಗಿ ತಿರುಗುವ, ಹಿಂಭಾಗ ಸಡಿಲವಾದ ಕಾರನ್ನು ಬಯಸುತ್ತಾನೆ. ಅದೇ ಕಾರು ಹೊಸಬನ ಕೈಗೆ ಸಿಕ್ಕರೆ ಪಳಗದ ಕುದುರೆ. ಈ ಆಟದಲ್ಲಿ ಪ್ರತಿ ಕಾರಿಗೂ ‘ಸೇಫ್’ ಎಂಬ ಶಾಂತ ಸೆಟಪ್ಪನ್ನೂ ‘ಅಗ್ರೆಸಿವ್’ ಎಂಬ ಚುರುಕಿನ ಸೆಟಪ್ಪನ್ನೂ ಸಿದ್ಧವಾಗಿಯೇ ಇಟ್ಟಿದ್ದಾರೆ. ಹೊಸಬನು ಮೊದಲನೆಯದರಿಂದ ಆರಂಭಿಸುವುದು ಲೇಸು. ವೇಗ ಎರಡನೆಯ ಮಾತು. ಹತ್ತು ಸುತ್ತುಗಳನ್ನು ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿಲ್ಲದೆ ಓಡಿಸಬಲ್ಲವನಾಗಬೇಕು. ಅದಾಗುವವರೆಗೂ ಸೆಟಪ್ಪನ್ನು ಮುಟ್ಟಿ ಫಲವಿಲ್ಲ. ತಕ್ಕಡಿಯೇ ತೂಗಾಡುತ್ತಿರುವಾಗ ಸಾಮಾನಿನ ತೂಕ ತಿಳಿಯುವುದೆಂತು?

ಮೊದಲು ಗಾಳಿ, ಆಮೇಲೆ ಉಳಿದದ್ದು

ಅನುಭವಿಗಳು ಮೊದಲು ನೋಡುವುದು ಟೈರಿನ ಗಾಳಿ. ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಗಲದ ತಾಣಗಳಲ್ಲಿ ಮಾತ್ರ. ಬೇರೆ ಯಾವ ಹೊಂದಾಣಿಕೆಯಾದರೂ ಫಲಿಸಬೇಕಾದುದು ಅವುಗಳ ಮೂಲಕವೇ. ಒಣ ಪಥದಲ್ಲಿ, ಟೈರು ಬಿಸಿಯಾದ ಮೇಲೆ, ಒತ್ತಡವು ಚದರ ಅಂಗುಲಕ್ಕೆ 26ರಿಂದ 27 ಪೌಂಡುಗಳ ನಡುವೆ ಇರಬೇಕೆಂಬುದು ಈ ಆಟದಲ್ಲಿ 2023ರಿಂದೀಚಿನ ಲೆಕ್ಕ. ಒತ್ತಡ ಮಿತಿಮೀರಿದರೆ ಟೈರು ಉಬ್ಬಿ ನೆಲದ ಸ್ಪರ್ಶ ಕಡಿಮೆಯಾಗುತ್ತದೆ. ಕಡಿಮೆಯಾದರೆ ಟೈರು ಮೆತ್ತಗಾಗಿ ಕಾರಿನ ಉತ್ತರ ಮಂದವಾಗುತ್ತದೆ.

ಗಾಳಿ ಬಿಸಿಯಾದಂತೆ ಒತ್ತಡ ಏರುವುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೂ ಇಲ್ಲಿ ಎಡವುವವರು ಬಹಳ. ಟೈರಿನ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೆ ಒತ್ತಡ ಸುಮಾರು ಒಂದೂಕಾಲು ಪೌಂಡು ಬದಲಾಗುತ್ತದೆ. ಅಭ್ಯಾಸವನ್ನು ಮಧ್ಯಾಹ್ನದ ಬಿಸಿಲಿಗೆ ಹೊಂದಿಸಿ ಮಾಡಿ, ಪಂದ್ಯವನ್ನು ಮೋಡ ಕವಿದ ಸಂಜೆಗೆ ಕ್ಲಬ್ಬು ಇಟ್ಟರೆ, ನಿನ್ನೆಯವರೆಗೆ ಸರಿಯಾಗಿದ್ದ ಕಾರು ಇಂದು ಅಪರಿಚಿತವೆನಿಸುತ್ತದೆ. ಪೆಟ್ರೋಲಿನದೂ ಹೀಗೆಯೇ. 60 ಲೀಟರ್ ಎಂದರೆ ಸುಮಾರು 45 ಕಿಲೋಗ್ರಾಂ ಹೆಚ್ಚಿನ ಹೊರೆ. ಖಾಲಿ ಟ್ಯಾಂಕಿನಲ್ಲಿ ಅಭ್ಯಾಸ ಮಾಡಿದವನಿಗೆ ಪಂದ್ಯದ ಮೊದಲ ಬ್ರೇಕಿನಲ್ಲಿಯೇ ಇದರ ಅರಿವಾಗುತ್ತದೆ.

ರೆಕ್ಕೆಯ ಸಂದಿಗ್ಧ

ಇನ್ನು ಹಿಂಬದಿಯ ರೆಕ್ಕೆ. ವಿಮಾನದ ರೆಕ್ಕೆ ವಿಮಾನವನ್ನು ಮೇಲೆತ್ತಿದರೆ, ತಲೆಕೆಳಗಾದ ಈ ರೆಕ್ಕೆ ಕಾರನ್ನು ನೆಲಕ್ಕೆ ಒತ್ತುತ್ತದೆ. ವೇಗ ಇಮ್ಮಡಿಯಾದರೆ ಈ ಒತ್ತು ನಾಲ್ಮಡಿಯಾಗುತ್ತದೆ. ಆದರೆ ಪುಕ್ಕಟೆಯಾಗಿ ಬರುವುದು ಯಾವುದೂ ಇಲ್ಲ. ರೆಕ್ಕೆಯನ್ನು ಹೆಚ್ಚು ಓರೆ ಮಾಡಿದಷ್ಟೂ ಗಾಳಿಯ ತಡೆ ಹೆಚ್ಚಿ ನೇರ ಹಾದಿಯಲ್ಲಿ ಕಾರು ಹಿಂದೆ ಬೀಳುತ್ತದೆ.

ಸ್ಪಾ ಪಥದಲ್ಲಿ ಈ ಸಂದಿಗ್ಧ ಎದ್ದು ಕಾಣುತ್ತದೆ. ಏಳು ಕಿಲೋಮೀಟರ್ ಉದ್ದದ ಈ ಪಥ ಕಾಡು ಗುಡ್ಡಗಳ ನಡುವೆ ಹತ್ತಿ ಇಳಿಯುತ್ತದೆ. ಲಾ ಸೂರ್ಸ್ ಎಂಬ ಕಡಿದಾದ ತಿರುವಿನ ಅನಂತರ ಓ ರೂಜ್ ಕಣಿವೆಗೆ ಇಳಿದು, ದಿಬ್ಬವೇರಿ, ಕೆಮೆಲ್ ಎಂಬ ದೀರ್ಘ ನೇರ ಹಾದಿಗೆ ಸೇರಬೇಕು. ಅಲ್ಲಿ ರೆಕ್ಕೆ ಕಡಿಮೆಯಿದ್ದವನದೇ ಮೇಲುಗೈ. ಆದರೆ ಅಲ್ಲಿಂದ ಸ್ತವೆಲೊವರೆಗಿನ ನಡುಭಾಗವೆಲ್ಲ ತಿರುವುಗಳ ಸರಣಿ. ಅಲ್ಲಿ ಅದೇ ಮನುಷ್ಯ ಅಂಗೈಯಲ್ಲಿ ಜೀವ ಹಿಡಿದು ಓಡಿಸಬೇಕಾಗುತ್ತದೆ. ಒಂದೆಡೆ ಗಳಿಸಿದ್ದನ್ನು ಇನ್ನೊಂದೆಡೆ ಕಳೆದುಕೊಳ್ಳುವುದೆಷ್ಟು ಎಂಬ ಲೆಕ್ಕವೇ ಇಲ್ಲಿಯ ಸೆಟಪ್ಪಿನ ಜೀವಾಳ. ಒಂದು ಸುತ್ತಿನ ಕಾಲ ಮಾತ್ರವಲ್ಲ, ಎದುರಾಳಿಯನ್ನು ಎಲ್ಲಿ ಹಿಂದಿಕ್ಕಬೇಕು, ಎಲ್ಲಿ ತಡೆಯಬೇಕು ಎಂಬುದೂ ಆ ಲೆಕ್ಕದಲ್ಲಿ ಸೇರುತ್ತದೆ.

ಇದೇ ಪಥ ರೋಗಪರೀಕ್ಷೆಗೂ ಒದಗುತ್ತದೆ. ಮುಂದಿನ ಚಕ್ರಗಳು ಮೊದಲು ಜಾರಿ ಕಾರು ತಿರುವಿನಿಂದ ಹೊರಹೊರಗೆ ಹೋದರೆ ಅದು ಅಂಡರ್‌ಸ್ಟಿಯರ್. ಹಿಂದಿನ ಚಕ್ರಗಳು ಜಾರಿ ಬಾಲ ಬೀಸಿದರೆ ಓವರ್‌ಸ್ಟಿಯರ್. ನಿಧಾನವಾದ ಲಾ ಸೂರ್ಸ್‌ನಲ್ಲಿ ಬಾಲ ಬೀಸಿದರೆ ರೆಕ್ಕೆಯನ್ನು ದೂರುವಂತಿಲ್ಲ. ಆ ವೇಗದಲ್ಲಿ ಅದರ ಪ್ರಭಾವ ಅತ್ಯಲ್ಪ. ದೋಷವನ್ನು ಆಂಟಿ-ರೋಲ್ ಬಾರು, ಸ್ಪ್ರಿಂಗುಗಳಲ್ಲಿ ಹುಡುಕಬೇಕು. ವೇಗದ ಪೂಓನ್‌ನಲ್ಲಿ ಮಾತ್ರ ಬಾಲ ಬೀಸಿದರೆ ಮೊದಲ ಸಂಶಯ ರೆಕ್ಕೆಯ ಮೇಲೆ. ಒಂದು ಸುತ್ತಿನಲ್ಲಿ ಇಲ್ಲಿ, ಮುಂದಿನ ಸುತ್ತಿನಲ್ಲಿ ಅಲ್ಲಿ ಎಂದು ಜಾರುತ್ತಿದ್ದರೆ? ಆಗ ನೆಲಕ್ಕೆ ಡೊಂಕಿಲ್ಲ, ಕಾಲನ್ನೇ ತಿದ್ದಿಕೊಳ್ಳಬೇಕು.

ಒಂದು ಸಲಕ್ಕೆ ಒಂದೇ

ದೋಷ ಯಂತ್ರದ್ದೆಂದು ಕಂಡಮೇಲೂ ಒಂದು ನಿಯಮವನ್ನು ಮೀರಬಾರದು: ಒಂದು ಸಲಕ್ಕೆ ಒಂದೇ ಬದಲಾವಣೆ. ರೆಕ್ಕೆಯನ್ನೂ ಸ್ಪ್ರಿಂಗನ್ನೂ ಬ್ರೇಕನ್ನೂ ಒಟ್ಟಿಗೆ ಬದಲಿಸಿದವನು, ಮೂರು ವೈದ್ಯರ ಔಷಧಿಯನ್ನು ಒಮ್ಮೆಗೇ ಕುಡಿದವನಂತೆ, ಗುಣವಾದರೂ ಯಾವುದರಿಂದ ಎಂದು ಹೇಳಲಾರ. ಬದಲಿಸಿ ಐದಾರು ಸುತ್ತು ಓಡಿಸಿ, ನೋಟ್‌ಪುಸ್ತಕದಲ್ಲಿ ಬರೆದಿಟ್ಟು, ಮತ್ತೆ ಹಳೆಯ ಸೆಟಪ್ಪಿಗೆ ಮರಳಿ ಹೋಲಿಸಿ ನೋಡಬೇಕು. ಓಡಿಸಿದಂತೆ ಕೈ ಪಳಗುವುದರಿಂದಲೂ ಕಾಲ ಇಳಿಯುತ್ತದೆ. ಆ ಕೀರ್ತಿಯನ್ನು ತಪ್ಪಾಗಿ ಹೊಸ ಸ್ಪ್ರಿಂಗಿಗೆ ಕೊಟ್ಟುಬಿಡುವ ಅಪಾಯವುಂಟು.

ನಿಜವಾದ ಪಂದ್ಯಗಳಲ್ಲೂ ಈ ಮಾರ್ಗ ಹೊಸದಲ್ಲ. 1972ರಲ್ಲಿ ಇಂಡಿಯಾನಾಪೊಲಿಸ್ ಪಂದ್ಯ ಗೆದ್ದ ಮಾರ್ಕ್ ಡೊನಹ್ಯೂ ಇಂಜಿನಿಯರಿಂಗ್ ಓದಿದ ಚಾಲಕ. ವೃತ್ತಾಕಾರದ ಬಯಲಿನಲ್ಲಿ ಕಾರನ್ನು ಸುತ್ತಿ ಸುತ್ತಿ ಓಡಿಸಿ, ಅಳೆದು, ಹೊಂದಿಸುವುದರಲ್ಲಿ ಆತ ಹೆಸರಾದವರು. ಡೊನಹ್ಯೂಗೆ ಕಾರಿನ ಓಲಾಟವನ್ನು ತಿಳಿಸಲು ಬೆನ್ನಿತ್ತು, ಸೊಂಟವಿತ್ತು. ಮನೆಯ ಕುರ್ಚಿಯಲ್ಲಿ ಕುಳಿತವನಿಗೆ ಆ ಭಾಗ್ಯವಿಲ್ಲ. ಸ್ಟಿಯರಿಂಗ್ ಚಕ್ರದ ಮೋಟಾರು ಕೈಗೆ ಕೊಡುವ ಎಳೆತ, ಟೈರಿನ ಕೀರಲು ದನಿ, ಕಣ್ಣಿಗೆ ಕಾಣುವ ನೋಟ, ಇಷ್ಟರಿಂದಲೇ ಅವನು ಎಲ್ಲವನ್ನೂ ಗ್ರಹಿಸಬೇಕು. ಆ ಕೊರತೆಯನ್ನು ತುಂಬುವುದು ಟೆಲಿಮೆಟ್ರಿ. ಎಲ್ಲಿ ಬ್ರೇಕು ಒತ್ತಿದ, ಎಷ್ಟು ಒತ್ತಿದ, ಆಕ್ಸಿಲರೇಟರನ್ನು ಯಾವಾಗ ಬಿಟ್ಟ ಎಂಬುದನ್ನೆಲ್ಲ ಗೆರೆಗಳಾಗಿ ಬರೆದಿಡುವ ಚಿತ್ರಗುಪ್ತನ ಲೆಕ್ಕವದು. ಅಲ್ಲಿ ನೆಪಗಳು ನಡೆಯುವುದಿಲ್ಲ.

ಲೆಕ್ಕದ ಪುಸ್ತಕ ಹೇಳಿದ್ದು

ನಮ್ಮ ತರುಣನ ವಿಷಯದಲ್ಲಿಯೂ ಆದದ್ದು ಅದೇ. ಅಪಘಾತದ ಮರುದಿನ ಕ್ಲಬ್ಬಿನ ಹಿರಿಯನೊಬ್ಬ ಅದೇ ಕಾರನ್ನು, ಅದೇ ಸೆಟಪ್ಪಿನಲ್ಲಿ ತಾನೇ ಓಡಿಸಿದ. ಹತ್ತು ಸುತ್ತುಗಳಲ್ಲಿ ಒಮ್ಮೆಯೂ ಜಾರಲಿಲ್ಲ. ಬಳಿಕ ಇಬ್ಬರ ಗೆರೆಗಳನ್ನೂ ಒಂದರ ಮೇಲೊಂದಿಟ್ಟು ನೋಡಿದರು. ಪೂಓನ್ ತಿರುವಿನ ನಡುವೆ ಹಿರಿಯನ ಆಕ್ಸಿಲರೇಟರಿನ ಗೆರೆ ಇಳಿಜಾರಿನಂತೆ ಮೆಲ್ಲಗೆ ಬಾಗಿತ್ತು; ತರುಣನದು ಬಾವಿಗೆ ಬಿದ್ದಂತೆ ನೇರ ಕೆಳಗೆ. ವೇಗ ಹೆಚ್ಚಾಯಿತೆಂಬ ದಿಗಿಲಿನಲ್ಲಿ ಅವನು ಕಾಲನ್ನು ಥಟ್ಟನೆ ಎತ್ತಿಬಿಡುತ್ತಿದ್ದ. ಹಾಗೆ ಎತ್ತಿದೊಡನೆ ಭಾರವೆಲ್ಲ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರಾಗುತ್ತಿದ್ದವು, ಬಾಲ ಬೀಸುತ್ತಿತ್ತು. ಗಾದೆ ಅಕ್ಷರಶಃ ನಿಜವಾಗಿತ್ತು. ಡೊಂಕು ಕಾಲಿನಲ್ಲಿಯೇ ಇತ್ತು!

ಆದರೂ ಹಿರಿಯ ಅಷ್ಟಕ್ಕೇ ಬಿಡಲಿಲ್ಲ. ಕಾಲು ತಿದ್ದಿಕೊಳ್ಳಲು ವಾರಗಳು ಬೇಕು. ಅಷ್ಟರವರೆಗೆ ಉಳಿದವರ ಪಂದ್ಯ ಕೆಡಬಾರದು. ಆದುದರಿಂದ ರೆಕ್ಕೆಯನ್ನು ಎರಡು ಮೆಟ್ಟಿಲು ಏರಿಸಿ ಕೊಟ್ಟ. ಕೆಮೆಲ್ ಹಾದಿಯಲ್ಲಿ ಕಾರು ಕೊಂಚ ನಿಧಾನವಾಯಿತು. ಆದರೆ ಪೂಓನ್‌ನಲ್ಲಿ ತರುಣನ ದಿಗಿಲು ತಗ್ಗಿತು, ದಿಗಿಲು ತಗ್ಗಿದಂತೆ ಕಾಲೂ ಹದಕ್ಕೆ ಬಂತು. ಸೆಟಪ್ ಎಂಬುದು ಕಾರಿಗೆ ಮಾತ್ರ ಮಾಡುವುದಲ್ಲ, ಅದನ್ನು ನಡೆಸುವವನಿಗೂ ಮಾಡುವುದು.

ಪರದೆಯ ಮುಂದೆ ಹೀಗೆ ಕಲಿತ ವಿದ್ಯೆ ಪರದೆಯಾಚೆಗೂ ಸಂದಿದೆ. ಐರೇಸಿಂಗ್‌ನಲ್ಲಿ ಓಡಿಸಿ ಆರಂಭಿಸಿದ ವಿಲಿಯಂ ಬೈರನ್ 2024 ಮತ್ತು 2025ರಲ್ಲಿ ಸತತವಾಗಿ ಡೇಟೋನ 500 ಪಂದ್ಯವನ್ನು ಗೆದ್ದರು. ಬ್ರಿಟನ್ನಿನ ಜೇಮ್ಸ್ ಬಾಲ್ಡ್‌ವಿನ್ 2020ರಲ್ಲಿ ಬ್ರಿಟಿಷ್ ಜಿಟಿ ಪಂದ್ಯಾವಳಿಗೆ ಕಾಲಿಟ್ಟ ಮೊದಲ ವಾರಾಂತ್ಯದಲ್ಲಿಯೇ ಜಯ ಕಂಡರು. ಎಲ್ಲರಿಗೂ ಆ ಯೋಗ ಬಾರದು, ಬರಬೇಕೆಂದೂ ಇಲ್ಲ.

ನಮ್ಮ ತರುಣನಿಗೆ ಬಂದ ಫಲ ಚಿಕ್ಕದು. ಮುಂದಿನ ಪಂದ್ಯದಲ್ಲಿ ಅವನು ಯಾರಿಗೂ ತಗುಲದೆ ಹನ್ನೆರಡನೆಯವನಾಗಿ ಮುಗಿಸಿದ. ಹಿಂದಿನ ವಾರ ಅವನಿಂದ ಕೆಟ್ಟಿದ್ದ ಇಬ್ಬರಲ್ಲಿ ಒಬ್ಬ ಆರು ಸುತ್ತುಗಳ ಕಾಲ ಅವನ ಪಕ್ಕಪಕ್ಕದಲ್ಲಿಯೇ ಓಡಿ, ಕೊನೆಗೆ ಮುಂದೆ ಹೋದ. ಪಂದ್ಯ ಮುಗಿದ ಮೇಲೆ ತರುಣ ನೋಟ್‌ಪುಸ್ತಕ ತೆರೆದು ಬರೆದುಕೊಂಡ: “ರೆಕ್ಕೆ ಒಂದು ಮೆಟ್ಟಿಲು ಇಳಿಸಿ ನೋಡಬೇಕು. ಮೊದಲು ಕಾಲು.”