ಒತ್ತಡಪಾತ್ರೆಗಳ ಎರಡು ಗಣನೆಗಳು

1905ರಲ್ಲಿ ಅಮೆರಿಕದ ಬ್ರಾಕ್ಟನ್ ನಗರದ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ಬಾಯ್ಲರು ಸಿಡಿದು 58 ಮಂದಿ ಮಡಿದರು. ಇಂಥ ದುರಂತಗಳ ಫಲವಾಗಿ 1915ರಲ್ಲಿ ಅಲ್ಲಿನ ಯಂತ್ರಶಿಲ್ಪಿಗಳ ಸಂಘವು ಬಾಯ್ಲರ್ ಸಂಹಿತೆಯನ್ನು ಪ್ರಕಟಿಸಿತು. ಒತ್ತಡ, ತ್ರಿಜ್ಯ, ಲೋಹಕ್ಕೆ ಸಲ್ಲುವ ಪೀಡನ, ಜೋಡಣೆಯ ದಕ್ಷತೆ, ಇವಿಷ್ಟರಿಂದಲೇ ಸಂಹಿತೆಯ ಸೂತ್ರವು ಭಿತ್ತಿಯ ದಪ್ಪವನ್ನು ನಿರ್ಣಯಿಸುತ್ತದೆ. ಅದು ಗಣಿಸುವುದು ಸರಾಸರಿ ಪೀಡನವನ್ನು. ನಳಿಕೆ ಕೂಡುವೆಡೆಯಲ್ಲಿ, ಕೊರೆದು ತೆಗೆದಷ್ಟು ಲೋಹವನ್ನು ಸುತ್ತಲೂ ಒದಗಿಸಿದರೆ ಸಾಕೆನ್ನುತ್ತದೆ. 1960ರಲ್ಲಿ ಕ್ಲಫ್ ಹೆಸರಿಟ್ಟ ಫೈನೈಟ್ ಎಲಿಮೆಂಟ್ ವಿಧಾನವಾದರೋ ಪಾತ್ರೆಯನ್ನು ಸಣ್ಣ ತುಂಡುಗಳ ಸಮೂಹವೆಂದು ಭಾವಿಸಿ ಅಲ್ಲಿನ ಸ್ಥಳೀಯ ಪೀಡನವನ್ನೂ ತೋರಿಸುತ್ತದೆ. ಅದು ಮಿತಿಮೀರಿತೆಂದು ಸೂತ್ರವನ್ನು ಹಳಿಯುವುದು ಅವಸರದ ಮಾತು. ಚೂಪಾದ ಒಳಮೂಲೆಯಲ್ಲಿ ತುಂಡುಗಳನ್ನು ಕಿರಿದುಮಾಡಿದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ, ದೋಷ ಮಾದರಿಯದು. ಪಾತ್ರೆಯನ್ನು ಒಡೆಯಬಲ್ಲ ಪೀಡನವನ್ನೂ, ಲೋಹವು ತುಸು ಮಣಿದೊಡನೆ ಶಮಿಸುವ ಪೀಡನವನ್ನೂ ಒಂದೇ ಮಿತಿಯಿಂದ ಅಳೆಯುವಂತಿಲ್ಲ.