ಕರಿಜೀರಿಗೆ: ಹೆಸರೂ ಗುಣವೂ

ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗದು. ತರಗತಿಯಲ್ಲಿ ನಾನಾರ್ಥ ಪದಗಳನ್ನು ಬೋಧಿಸುವಾಗ ಈ ಮಾತನ್ನು ನಾನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ‘ಹರಿ’ ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕಪಿಯೂ ಹೌದು. ಕಾವ್ಯದಲ್ಲಿ ಇದು ಚಮತ್ಕಾರ, ಔಷಧದಲ್ಲಿ ಅಪಾಯ. ಈ ವ್ಯತ್ಯಾಸ ನನಗೆ ಚೆನ್ನಾಗಿ ಮನದಟ್ಟಾದದ್ದು ಕರಿಜೀರಿಗೆಯಿಂದ.

ನಮ್ಮ ನೆರೆಮನೆಯ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ. ಕರಿಜೀರಿಗೆ ತಿಂದರೆ ಮಾತ್ರೆಯ ಹಂಗೇ ಬೇಡವೆಂದು ಯಾರೋ ಹೇಳಿದರಂತೆ. ಅವರು ಮಾತ್ರೆಯನ್ನು ಬಿಟ್ಟು, ಪೇಟೆಯಿಂದ ಕಾಳು ತರಿಸಿ, ಹುರಿದು ಪುಡಿಮಾಡಿ ಮೂರು ವಾರ ನುಂಗಿದರು. ತೀರದ ಬಾಯಾರಿಕೆ, ನಿಶ್ಶಕ್ತಿ ಕಾಣಿಸಿಕೊಂಡು ರಕ್ತ ಪರೀಕ್ಷಿಸಿದಾಗ ಸಕ್ಕರೆ ಬಹಳ ಏರಿತ್ತು. ಉಳಿದಿದ್ದ ಕಾಳನ್ನು ನನಗೆ ತೋರಿಸಿದರು. ಅದು ಕರಿಜೀರಿಗೆಯೇ ಅಲ್ಲ, ಕಾಡುಜೀರಿಗೆ! ಇಲ್ಲಿ ನಡೆದ ತಪ್ಪು ಒಂದಲ್ಲ, ಎರಡು. ಒಂದು ಹೆಸರಿನದು, ಇನ್ನೊಂದು ನಂಬಿಕೆಯದು.

ಮೊದಲು ಹೆಸರನ್ನು ನೋಡೋಣ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಜೀರಿಗೆಯ ಮೂರು ಬಗೆಗಳನ್ನು ಹೇಳುತ್ತಾನೆ: ಸಾಮಾನ್ಯ ಜೀರಕ, ಕೃಷ್ಣಜೀರಕ, ಉಪಕುಂಚಿಕಾ. ಇಂದು ಕಲೌಂಜಿ ಎಂದು ಕರೆಯುವ ಕಾಳು ಈ ಮೂರನೆಯದು. ಸಸ್ಯಶಾಸ್ತ್ರಜ್ಞರ ‘ನೈಜೆಲ್ಲ ಸಟೈವ’. ಹೆಸರಿನಲ್ಲಿ ಜೀರಿಗೆಯಿದ್ದರೂ ಇದು ಜೀರಿಗೆಯ ನೆಂಟನಲ್ಲ. ಜೀರಿಗೆ, ಕೊತ್ತಂಬರಿ, ಓಮ ಇವು ಒಂದು ಕುಟುಂಬದವು. ಕಲೌಂಜಿಯಾದರೋ ವತ್ಸನಾಭಿಯೆಂಬ ವಿಷಮೂಲಿಕೆಯ ಕುಟುಂಬಕ್ಕೆ ಸೇರಿದ್ದು.

ಗುರುತು ಹಿಡಿಯುವುದು ಕಷ್ಟವಲ್ಲ. ಕಲೌಂಜಿ ಮೂರು ಮೂಲೆಯುಳ್ಳ, ಹೊಳಪಿಲ್ಲದ ಅಚ್ಚ ಕಪ್ಪು ಕಾಳು. ಒಡೆದರೆ ಒಳಗೆ ಬೆಳ್ಳಗಿರುತ್ತದೆ. ಶಾಜೀರಿಗೆ ತೆಳ್ಳಗೆ, ಉದ್ದಕ್ಕೆ, ತುಸು ಬಾಗಿರುತ್ತದೆ. ಕಾಡುಜೀರಿಗೆಯೂ ಉದ್ದನೆಯದೇ, ಮೈಮೇಲೆ ಗೆರೆಗಳಿದ್ದು ಬಲು ಕಹಿಯಾಗಿರುತ್ತದೆ. ಅದು ಹೊಟ್ಟೆಯ ಹುಳುವಿಗೆಂದು ಬಳಸುತ್ತ ಬಂದ ಬೇರೆಯೇ ಮದ್ದು.

ಇನ್ನು ಗುಣದ ಮಾತು. ಬಂಗಾಳದ ಐದು ಕಾಳಿನ ಒಗ್ಗರಣೆಯಲ್ಲಿ, ಉತ್ತರದ ಮಾವಿನ ಉಪ್ಪಿನಕಾಯಿಯಲ್ಲಿ, ನಾನ್ ರೊಟ್ಟಿಯ ಮೇಲೆ ಕಲೌಂಜಿ ಹಿಂದಿನಿಂದಲೂ ಇದೆ. ಇಸ್ಲಾಮಿನ ಹದೀಸ್ ಪರಂಪರೆಯಲ್ಲಿ ಇದಕ್ಕೆ ದೊಡ್ಡ ಗೌರವವುಂಟು. ಯುನಾನಿ ವೈದ್ಯರೂ ಇದನ್ನು ಬಹುಕಾಲದಿಂದ ಬಳಸಿದ್ದಾರೆ. ಆದರೆ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನು ಇದರ ಉಪಯೋಗಗಳನ್ನು ಹೇಳುತ್ತಲೇ, ಅತಿಯಾದರೆ ಪ್ರಾಣಾಪಾಯವೆಂದೂ ಎಚ್ಚರಿಸಿದ್ದನು. ಬಲವಿರುವ ವಸ್ತುವಿಗೆ ಮಿತಿಯೂ ಇರಬೇಕೆಂಬುದು ಹಳೆಯ ತಿಳಿವು.

ಈ ಕಾಳಿನ ತೈಲದಲ್ಲಿರುವ ‘ಥೈಮೋಕ್ವಿನೋನ್’ ಎಂಬ ದ್ರವ್ಯದ ಕಡೆಗೆ ಈಗಿನ ವಿಜ್ಞಾನಿಗಳ ಗಮನ ಹೆಚ್ಚಾಗಿ ಹರಿದಿದೆ. ಸೌದಿ ಅರೇಬಿಯದಲ್ಲಿ ೯೪ ಮಂದಿ ಮಧುಮೇಹಿಗಳಿಗೆ ದಿನಕ್ಕೆ ೧, ೨ ಅಥವಾ ೩ ಗ್ರಾಂ ಕಾಳನ್ನು ಮೂರು ತಿಂಗಳು ಕೊಟ್ಟು ನೋಡಿದ ಪ್ರಯೋಗದ ಫಲ ೨೦೧೦ರಲ್ಲಿ ಪ್ರಕಟವಾಯಿತು. ೨ ಗ್ರಾಂ ಸೇವಿಸಿದವರ ರಕ್ತದಲ್ಲಿ ಸಕ್ಕರೆ ಇಳಿಯಿತು. ೩ ಗ್ರಾಂ ಸೇವಿಸಿದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಮುಖ್ಯವಾದ ಸಂಗತಿಯೆಂದರೆ, ಅವರಿಗೆ ಕಾಳನ್ನು ಕೊಟ್ಟದ್ದು ಎಂದಿನ ಔಷಧದ ಜೊತೆಗೇ ಹೊರತು ಅದರ ಬದಲಿಗಲ್ಲ. ರಕ್ತದೊತ್ತಡದ ಬಗ್ಗೆ ನಡೆದ ೧೧ ಪ್ರಯೋಗಗಳನ್ನು, ೮೬೦ ಜನರ ಲೆಕ್ಕವನ್ನು, ೨೦೧೬ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಒತ್ತಡ ಸುಮಾರು ೩ ಮಿಲಿಮೀಟರಿನಷ್ಟು ಇಳಿದದ್ದು ಕಂಡಿತು. ಇದು ಸುಳ್ಳು ಲಾಭವಲ್ಲ; ಆದರೆ ೧೭೦ ಇರುವವರಿಗೆ ೩ ಇಳಿದರೆ ಸಾಕೇ?

ಎಚ್ಚರಿಕೆಗಳೂ ಉಂಟು. ಸಕ್ಕರೆಯ ಮಾತ್ರೆಯ ಜೊತೆಗೆ ಇದನ್ನು ಹೆಚ್ಚಾಗಿ ಸೇವಿಸಿದರೆ ಸಕ್ಕರೆ ಮಿತಿಮೀರಿ ಇಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ವೈದ್ಯರಿಗೆ ತಿಳಿಸದೆ ಇದನ್ನು ಮದ್ದಾಗಿ ತೆಗೆದುಕೊಳ್ಳಬಾರದು. ಗರ್ಭಿಣಿಯರಿಗೆ ಅಡಿಗೆಯ ಅಳತೆಯೇ ಮಿತಿ. ಎಣ್ಣೆಯನ್ನು ಹಚ್ಚಿದರೆ ಕೆಲವರ ಚರ್ಮ ಕೆಂಪಾಗಿ ತುರಿಸುವುದೂ ಉಂಟು.

ಹಾಗಾದರೆ ಕರಿಜೀರಿಗೆಯನ್ನು ದೂರವಿಡಬೇಕೇ? ಖಂಡಿತ ಬೇಡ. ಒಗ್ಗರಣೆಗೆ ಒಂದು ಚಿಟಿಕೆ ಹಾಕಿದರೆ ರುಚಿಯೂ ಉಂಟು, ಪರಿಮಳವೂ ಉಂಟು. ಮದ್ದಾಗಿ ಸೇವಿಸಬೇಕೆಂದರೆ ಮಾತ್ರ, ಕಾಳನ್ನೇ ಒಯ್ದು ವೈದ್ಯರಿಗೆ ತೋರಿಸಿ, ನೀವು ಸೇವಿಸುತ್ತಿರುವ ಔಷಧಗಳನ್ನೂ ಹೇಳಿ. ನಮ್ಮ ಹಿರಿಯರು ಈಗ ಮಾತ್ರೆಗಳನ್ನು ಮತ್ತೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಸಕ್ಕರೆಯೂ ಹತೋಟಿಗೆ ಬಂದಿದೆ. ಅವರ ಮನೆಯ ಪಲ್ಯದಲ್ಲಿ ಈಗ ನಿಜವಾದ ಕರಿಜೀರಿಗೆ ಬೀಳುತ್ತದೆ.