ಮನೆಬಂಡಿಯ ಇರುಳು, ಜನರೇಟರಿನ ಹೊಗೆ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಬಳಿಗೆ ಬೇಸಿಗೆಯಲ್ಲಿ ತೆರಳುವ ನಮ್ಮ ಹಿರಿಯರು ಅಲ್ಲಿ ‘ಆರ್‌ವಿ’ ಎಂಬ ಮನೆಬಂಡಿಯಲ್ಲಿ ಪ್ರವಾಸ ಮಾಡುವುದುಂಟು. ಮಂಚ, ಒಲೆ, ಶೌಚಗೃಹ ಎಲ್ಲವೂ ಅದರೊಳಗೇ ಇರುತ್ತವೆ. ವಿದ್ಯುತ್ತಿಲ್ಲದ ಬಯಲಿನಲ್ಲಿ ತಂಗಿದಾಗ ಕೆಲವರು ಎ.ಸಿ.ಗಾಗಿ ಪೆಟ್ರೋಲ್ ಜನರೇಟರನ್ನು ಪಕ್ಕದಲ್ಲಿಯೇ ಇರಿಸಿ, ಇರುಳಿಡೀ ಓಡಿಸಿ ಮಲಗುತ್ತಾರೆ. ನಮ್ಮ ಆತಂಕವೆಲ್ಲ ಈ ಮಲಗುವುದರಲ್ಲಿಯೇ ಇದೆ.

ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಬಿಗಿಹಿಡಿಯುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ಓಕರಿಕೆ ತೋರುತ್ತವೆ. ಅವನ್ನೂ ನಾವು ಪ್ರಯಾಣದ ಆಯಾಸವೆಂದೇ ಬಗೆಯುತ್ತೇವೆ. ನಿದ್ರಿಸುವವರಿಗೆ ಆ ಸೂಚನೆಯೂ ದೊರೆಯದು. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನೂ ಇಲ್ಲಿ ನಂಬಲಾಗದು. ವಿಷಾನಿಲ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ ಅದು ಸಮಾಧಾನಕರ ಅಂಕಿಯನ್ನು ತೋರಬಲ್ಲದು.

ಕಿಟಕಿ ತೆರೆದರೆ ಸಾಕೆಂಬುದು ತಪ್ಪು ಕಲ್ಪನೆ. ಗಾಳಿ ತಿರುಗಿದರೆ ಹೊಗೆ ಅದೇ ಕಿಟಕಿಯಿಂದ ಒಳಬರುತ್ತದೆ, ನೆರೆಯವರ ಜನರೇಟರಿನದೂ ಸಹ. ಕನಿಷ್ಠ 20 ಅಡಿ ದೂರವಿರಲಿ, ಹೊಗೆಕೊಳವೆ ಆಚೆಗೆ ತಿರುಗಿರಲಿ. ಬ್ಯಾಟರಿಯಿಂದ ನಡೆಯುವ ಅನಿಲ ಎಚ್ಚರಿಕೆ ಗಂಟೆ ಮಲಗುವೆಡೆಯಲ್ಲಿರಲಿ. ಇವಿಷ್ಟಿದ್ದರೂ ಹಗಲಿನಲ್ಲಿ ಬ್ಯಾಟರಿ ತುಂಬಿಸಿ ರಾತ್ರಿ ಫ್ಯಾನಿಗೆ ತೃಪ್ತರಾಗುವುದೇ ಲೇಸೆಂದು ನಮ್ಮ ಅಭಿಮತ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಬಿಡಾರಗಳಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಜನರೇಟರ್ ನಿಷಿದ್ಧ. ಅದು ನಿಶ್ಶಬ್ದಕ್ಕಾಗಿ ಮಾಡಿದ ನಿಯಮವಾದರೂ ಜೀವವನ್ನೂ ಕಾಯುತ್ತದೆ.

ಗಂಟೆ ಮೊಳಗಿದರೆ, ಅಥವಾ ಇಬ್ಬರು ಮೂವರಿಗೆ ಒಮ್ಮೆಲೇ ತಲೆ ಸಿಡಿದರೆ, ಎಲ್ಲರೂ ಹೊರಗೋಡಿ 911ಕ್ಕೆ ಕರೆಮಾಡಬೇಕು. ಜನರೇಟರ್ ಓಡುತ್ತಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ರಕ್ತಪರೀಕ್ಷೆಯಿಂದಲೇ ಅವರು ವಿಷದ ಪ್ರಮಾಣವನ್ನು ಅರಿಯುವುದು.